ಅಲುಗಾಡದ ಗಪ್ಪಿಗಳು

"ಟೀಚರ್, ಕಾಫಿ ಆಮೇಲೆ ಕುಡೀರಿ, ಮೊದ್ಲು ಈ ಕಡೆ ನೋಡಿ! ಹೊರಗೆ ಒಂದು ಗಂಟೆ ಅಂದ್ರೆ ಇದರೊಳಗೆ ಒಂದು ತಿಂಗಳು!" ಎಂದು ರುದ್ರಮುನಿ ತಮ್ಮ ಹೊಸ ಯಂತ್ರದ ಬೆನ್ನು ತಟ್ಟಿದರು.

ಭದ್ರಾವತಿಯಲ್ಲಿ ಫಿಟ್ಟರ್ ಕೆಲಸದಿಂದ ನಿವೃತ್ತರಾದ ಮೇಲೆ ಈ ಮಹಾಶಯರು ಕೈಕಟ್ಟಿ ಕೂತವರಲ್ಲ. ಈ ಸಲದ್ದು ಒಂದು ಹಳೇ ವಾಷಿಂಗ್ ಮಷೀನು. ಅದರ ಡ್ರಮ್ಮಿನಲ್ಲಿ ಕಾಲವೇ ಗರಗರ ತಿರುಗುತ್ತದಂತೆ! ಪಕ್ಕದ ಮನೆಯ ಬೆನೆಡಿಕ್ಟಾ ಟೀಚರ್ ನಂಬಲಿಲ್ಲ. ಆದರೆ ಬೆಳಗ್ಗೆ ಬಿಟ್ಟ ಹತ್ತು ಗಪ್ಪಿ ಮೀನು ಊಟದ ಹೊತ್ತಿಗೆ ಇನ್ನೂರಾಗಿ ಗಾಜಿಗೆ ಮೂತಿ ಒತ್ತಿ ನಿಂತದ್ದನ್ನು ಕಂಡು ಬಾಯಿಬಿಟ್ಟರು.

"ನನ್ ಗ್ರೈಂಡರ್ ಮೋಟಾರ್ ಎಲ್ರೀ?" ಒಳಗಿನಿಂದ ರುದ್ರಮುನಿಯವರ ಹೆಂಡತಿ ನೀಲಮ್ಮ ಕೂಗಿದರು.

"ವಿಜ್ಞಾನಕ್ಕೆ ಕೊಟ್ಟಿದೀನಿ ಕಣೇ!"

"ಹಂಗಾದ್ರೆ ನಾಳೆ ಇಡ್ಲಿಗೂ ವಿಜ್ಞಾನವೇ ರುಬ್ಬಲಿ!"

ಟೀಚರಿಗೆ ಮೀನು ಬೇಕಾಗಿದ್ದದ್ದು ಒಂದು ಕಪ್ಪೆಗೆ. ಸ್ಕೂಟರಿನ ಚಕ್ರಕ್ಕೆ ಸಿಕ್ಕಿ ಹಿಂಗಾಲೊಂದನ್ನು ಕಳೆದುಕೊಂಡ ದಪ್ಪ ಕಪ್ಪೆ. ಕೆನ್ನೆ ಉಬ್ಬಿಸಿಕೊಂಡು ಗಂಭೀರವಾಗಿ ಕೂರುತ್ತಿದ್ದರಿಂದ ಅದಕ್ಕೆ 'ಇನ್‌ಸ್ಪೆಕ್ಟರ್' ಎಂದು ಹೆಸರಿಟ್ಟಿದ್ದರು. ಮೂವತ್ತೊಂದು ವರ್ಷ ಜೀವಶಾಸ್ತ್ರ ಕಲಿಸಿದ ಬೆನೆಡಿಕ್ಟಾ ಮಕ್ಕಳ ಮುಂದೆ ಎಷ್ಟು ಕಪ್ಪೆ ಕೊಯ್ದಿದ್ದರೋ ಏನೋ. ಆಗ ಏನೂ ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತಿತ್ತು. ಇದೊಂದಾದರೂ ತನ್ನ ಕೈಯಲ್ಲಿ ಬದುಕಲಿ ಎಂಬ ಹಟ ಹಿಡಿದಿತ್ತು. ಸಿಮೆಂಟ್ ತೊಟ್ಟಿಯಲ್ಲಿ ಅದಕ್ಕಾಗಿಯೇ ಗಪ್ಪಿ ಸಾಕಿದ್ದರು. ಚಳಿ ಶುರುವಾದದ್ದೇ ಅವು ಮರಿ ಹಾಕುವುದನ್ನು ನಿಲ್ಲಿಸಿದ್ದವು. ಹಾಗಾಗಿ ತೊಟ್ಟಿಯ ಮೀನೆಲ್ಲ ಈಗ ಯಂತ್ರ ಸೇರಿದವು.

ಟಬ್ಬಿಗೆ ಬಿಟ್ಟ ಮೀನಿನಲ್ಲಿ ಮೊದಲ ದಿನವೇ ಇನ್‌ಸ್ಪೆಕ್ಟರ್ ಹನ್ನೆರಡನ್ನು ನುಂಗಿ ನೆಮ್ಮದಿಯಿಂದ ಕಣ್ಣು ಮುಚ್ಚಿ ಕೂತಿತು.

"ಉಳಿದಿದ್ದನ್ನ ಚೆಲ್ಬೇಡಿ, ಮತ್ತೆ ಯಂತ್ರಕ್ಕೇ ಬಿಡಿ, ಮರಿ ಹಾಕ್ಲಿ" ಎಂದರು ನೀಲಮ್ಮ. ರಾತ್ರಿ ಉಳಿದ ಅನ್ನ ಬೆಳಗ್ಗೆ ಚಿತ್ರಾನ್ನವಾಗುವ ಮನೆಯಲ್ಲಿ ಮೀನಿಗೆ ಬೇರೆ ನ್ಯಾಯವೇ? ಟೀಚರೂ ಹೂಂ ಎಂದರು. ಬೆಳಗ್ಗೆ ಮೀನೆಲ್ಲ ಕಪ್ಪೆಯ ಟಬ್ಬಿಗೆ, ಉಳಿದದ್ದು ಮತ್ತೆ ಯಂತ್ರಕ್ಕೆ, ದಿನಾ ಅದೇ ರೂಢಿಯಾಯಿತು.

ರುದ್ರಮುನಿಯವರಿಗೆ ಹುರುಪು ಹೆಚ್ಚಿತು. ಗುಂಡಿ ತಿರುಗಿಸಿ ಗಂಟೆಗೆ ಹತ್ತು ವರ್ಷ ಮಾಡಿದರು! ಕಾಲ ಹೊರಗೂ ಸೋರಿ, ನೀಲಮ್ಮ ಒರಳಲ್ಲಿ ರುಬ್ಬಿ ಯಂತ್ರದ ಮೇಲಿಟ್ಟ ದೋಸೆ ಹಿಟ್ಟು ಕಣ್ಣು ಮಿಟುಕಿಸುವಷ್ಟರಲ್ಲಿ ಹುಳಿ ಬಂದು ಉಕ್ಕಿ, ನಡುಮನೆ ದಾಟಿ ಹೊಸ್ತಿಲು ಮುಟ್ಟಿತು. ಮೀನು ಹಿಡಿಯಲು ಎಡಗೈ ಹಾಕಿದ ರುದ್ರಮುನಿ, ಫೋನ್ ಬಂತೆಂದು ಅರ್ಧ ಗಂಟೆ ಹಾಗೇ ಮಾತಾಡುತ್ತ ನಿಂತರು. ಕೈ ತೆಗೆದರೆ ಉಗುರು ಗೇಣುದ್ದ!

"ಎಡಗೈ ನಿಮಗಿಂತ ಐದು ವರ್ಷ ದೊಡ್ಡದಾಯ್ತು. ಇನ್ಮೇಲೆ ಅದಕ್ಕೂ ನಮಸ್ಕಾರ ಮಾಡ್ಬೇಕೇನ್ರೀ?" ಎಂದರು ನೀಲಮ್ಮ.

ಮೂರನೇ ವಾರ ಇನ್‌ಸ್ಪೆಕ್ಟರ್ ಊಟ ಬಿಟ್ಟಿತು. ಟಬ್ಬಿನ ತುಂಬ ಮೀನು, ಒಂದೂ ಮಿಸುಕುವುದಿಲ್ಲ. ಬಾಲ ಬಿಗಿಹಿಡಿದು ಫೋಟೋಕ್ಕೆ ನಿಂತಂತೆ ನಿಂತಿವೆ. ಅವುಗಳ ನಡುವೆ ಕಪ್ಪೆ ಸುಮ್ಮನೆ ಎಲ್ಲೋ ನೋಡುತ್ತ ಕೂತಿದೆ.

"ಸತ್ತೋಗಿವೆ!" ಎಂದರು ನೀಲಮ್ಮ.

"ಸತ್ತಿದ್ರೆ ತೇಲ್ತಿದ್ವು ಕಣೇ!" ರುದ್ರಮುನಿ ಟಬ್ಬು ಕುಟ್ಟಿದರು, ಶಿಳ್ಳೆ ಹಾಕಿದರು. ಜಪ್ಪಯ್ಯ ಎಂದರೂ ಮೀನು ಅಲುಗಾಡಲಿಲ್ಲ.

ಐದು ದಿನ ಹೀಗೇ ಕಳೆಯಿತು. ಅಂಗಳ ಅಗೆದರೂ ಒಂದು ಎರೆಹುಳುವೂ ಸಿಗಲಿಲ್ಲ. ಕಪ್ಪೆಯ ಹೊಟ್ಟೆ ಬೆನ್ನಿಗಂಟಿತು. ಆರನೇ ದಿನ ಟಬ್ಬಿನ ಮುಂದೆ ಕೂತಿದ್ದ ಟೀಚರಿಗೆ ತಟ್ಟನೆ ಹೊಳೆಯಿತು. ತಲೆ ಚಚ್ಚಿಕೊಂಡರು.

"ಅಯ್ಯೋ ದೇವ್ರೇ! ಕಪ್ಪೆ ಕಣ್ಣಿಗೆ ಅಲುಗಾಡೋದು ಮಾತ್ರ ಊಟ! ಅಲುಗಾಡಿದ್ದನ್ನೆಲ್ಲ ಅದು ತಿಂತು. ಸುಮ್ನಿದ್ದು ಉಳ್ಕೊಂಡವನ್ನ ನಾವೇ ಸಾಕಿದ್ವಿ, ಅವು ಸುಮ್ನಿರೋ ಮರಿಗಳನ್ನೇ ಹಾಕಿದ್ವು. ಇದನ್ನೇ ಅಲ್ವೇನ್ರೀ ನಾನು ಮೂವತ್ತೊಂದು ವರ್ಷ ಬೋರ್ಡ್ ಮೇಲೆ ಬರೆದಿದ್ದು!"

"ಅಂದ್ರೆ ಮೀನು ಪಾಸಾದ್ವು ಅನ್ನಿ" ಎಂದರು ರುದ್ರಮುನಿ ಮೆಲ್ಲಗೆ.

"ಮೀನು ಪಾಸು. ನಾನು ಫೇಲು." ಟೀಚರ ಕಣ್ಣು ತುಂಬಿತು. ಕ್ಲಾಸಿನ ಕಪ್ಪೆಗಳನ್ನೆಲ್ಲ ಬ್ಲೇಡಿನಿಂದ ಕೊಂದೆ, ಇದನ್ನು ತುಂಬಿದ ತಟ್ಟೆಯ ಮುಂದೆ ಕೂರಿಸಿ ಕೊಲ್ಲುತ್ತಿದ್ದೇನಲ್ಲ ಎನ್ನಿಸಿತು. ಏನು ಮಾಡುತ್ತಿದ್ದೇನೆಂದು ಯೋಚಿಸದೆ ನೀರಿಗೆ ಕೈ ಇಳಿಸಿ ತೋರುಬೆರಳು ಆಡಿಸಿದರು.

ಪಟ್! ಇನ್‌ಸ್ಪೆಕ್ಟರ್ ಬೆರಳು ಕಚ್ಚಿ ಜೋತುಬಿತ್ತು!

"ಬಿಡಿಸ್ಲಾ ಟೀಚರ್?" ಎಂದು ರುದ್ರಮುನಿ ಮುಂದೆ ಬಾಗಿದರು.

"ಬೇಡ, ಇರ್ಲಿ. ಇನ್ನೂ ಹಸಿವಿದೆ ಇದಕ್ಕೆ!" ಎನ್ನುತ್ತ ಟೀಚರ್ ಅಳುತ್ತಲೇ ನಕ್ಕರು.

ಆಮೇಲೆ ಚಿಮಟ ತರಿಸಿ ಒಂದು ಗಪ್ಪಿಯ ಬಾಲ ಹಿಡಿದರು. ಇಷ್ಟು ದಿನ ಯಾವ ಮೀನು ಎಂದು ಕಪ್ಪೆಯೇ ಆರಿಸುತ್ತಿತ್ತು. ಇನ್ನು ಆರಿಸುವುದು, ಹಿಡಿಯುವುದು, ಆಡಿಸುವುದು ಎಲ್ಲ ತನ್ನದೇ ಕೆಲಸ. ಒಂದು ಜೀವ ಉಳಿಸಲು ಹೊರಟರೂ ಕೈಗೆ ಏನೋ ಅಂಟುತ್ತದೆ ಎಂದು ಅವರಿಗೆ ತಿಳಿಯಿತು. ಮೀನಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ ಆಡಿಸಿದರು. ಗುಳುಂ!

ಯಂತ್ರದ ಪ್ಲಗ್ಗು ಅವತ್ತೇ ಕಿತ್ತರು. ಈಗ ದಿನಾ ಹನ್ನೊಂದು ಗಂಟೆಗೆ ಟೀಚರ್ ರುದ್ರಮುನಿಯವರ ಜಗಲಿಯಲ್ಲಿ ಕೂತು ಮೀನು ಆಡಿಸುತ್ತಾರೆ, ನೀಲಮ್ಮ ಜೊತೆಗಿರುತ್ತಾರೆ. ಇನ್‌ಸ್ಪೆಕ್ಟರ್ ಮೈತುಂಬಿಕೊಂಡಿದೆ.

ಮೊನ್ನೆ ರುದ್ರಮುನಿ ಒಳಗಿನಿಂದಲೇ ಕೂಗುತ್ತ ಬಂದರು: "ಟೀಚರ್! ಮೀನು ಕುಣಿಸೋ ಯಂತ್ರ ಮಾಡಿದೀನಿ!"

ಇಬ್ಬರು ಹೆಂಗಸರೂ ಇದ್ದಲ್ಲೇ ಬಿಗಿಯಾದರು. ರೆಪ್ಪೆ ಕೂಡ ಹೊಡೆಯಲಿಲ್ಲ. ರುದ್ರಮುನಿ ಅವರ ಎದುರೇ ನಿಂತು ಆ ಕಡೆ ನೋಡಿದರು, ಈ ಕಡೆ ನೋಡಿದರು. "ಈಗ ಇಲ್ಲೇ ಇದ್ರಲ್ಲ..." ಎಂದು ಗೊಣಗುತ್ತ ಒಳಗೆ ಹೋದರು.

ನೀಲಮ್ಮ ಮೆಲ್ಲಗೆ ಉಸಿರುಬಿಟ್ಟರು. "ಈ ಪಾಠ ನನಗೆ ಮದುವೆಗೆ ಮುಂಚೆ ಮಾಡ್ಬೇಕಿತ್ತು ಟೀಚರ್."