ಅರ್ಧ ಲೋಟದ ಲೆಕ್ಕಾಚಾರ

ಇಡೀ ಚೆನ್ನೈಯಲ್ಲಿ ಅತ್ಯಂತ ದುಬಾರಿ ಮಸಾಲೆ ದೋಸೆ ಎಲ್ಲಿ ಸಿಗುತ್ತದೆ ಗೊತ್ತೆ? ಸಮುದ್ರದ ಕಡೆ ಮುಖ ಮಾಡಿಕೊಂಡಿರುವ ಆ ದೊಡ್ಡ ದೊಡ್ಡ ಹೋಟೆಲುಗಳನ್ನು ನೆನೆಸಿಕೊಳ್ಳಬೇಡಿ. ವೆಸ್ಟ್ ಮಾಂಬಲಂನಲ್ಲಿ, ಎರಡು ಸ್ಕೂಟರು ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕಾದ ಓಣಿಯೊಂದರ ಫ್ಲಾಟಿನಲ್ಲಿ, ನನ್ನ ಸೋದರಮಾವನ ಅಡುಗೆಮನೆಯಲ್ಲಿ ಸಿಗುತ್ತದೆ! ತಮಾಷೆಯೆಂದರೆ ಆ ದೋಸೆ ಹುಟ್ಟಿದ್ದೇ ದುಡ್ಡು ಉಳಿಸುವುದಕ್ಕೆ.

ಮಾವ ಮೂಲತಃ ಮೈಸೂರಿನವರು. ಮೀಸೆ ಚಿಗುರುವ ವಯಸ್ಸಿನಲ್ಲಿ ಇಲ್ಲಿಗೆ ಬಂದು, ರಾಯಪುರಂನ ಹಡಗು ಸರಕಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಒಂದು ಕಾಲಕ್ಕೆ ಅವರಷ್ಟು ಹೋಟೆಲಿನ ಹುಚ್ಚಿದ್ದವರನ್ನು ನಾನು ಕಂಡಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಅತ್ತೆಯನ್ನು ಕರೆದುಕೊಂಡು ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿಗೆ ಹೋಗುವುದು ಅವರ ಮನೆಯ ವ್ರತ. ಮಳೆ ಬಂದು ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಾಗಲೂ ಪ್ಯಾಂಟು ಮಡಚಿಕೊಂಡು ಹೋಗಿಬಂದವರು ಅವರು.

ಅತ್ತೆಗಂತೂ ಆ ಭಾನುವಾರವೆಂದರೆ ಪ್ರಾಣ. ಗರಿಗರಿ ದೋಸೆ ತಿಂದು, ಡಬರಾ ಬಟ್ಟಲಿನಲ್ಲಿಟ್ಟ ಲೋಟದ ತುಂಬ ನೊರೆಯುಕ್ಕುವ ಕಾಫಿಯನ್ನು ಎತ್ತೆತ್ತಿ ಸುರಿದು ಆರಿಸಿ ಕುಡಿಯುವಾಗ ಅವರ ಮುಖ ನೋಡಬೇಕಿತ್ತು. "ಮನೇಲೂ ಇದೇ ಕಾಫಿಪುಡಿ ತಾನೇ ಅತ್ತೆ?" ಎಂದು ಒಮ್ಮೆ ಕೇಳಿದ್ದೆ. "ಮನೇದು ನಾನೇ ಮಾಡ್ಕೊಂಡು ನಾನೇ ಕುಡಿಯೋದು ಕಣೇ. ಇಲ್ಲಿ ಯಾರೋ ಮಾಡಿ ತಂದು ಮುಂದೆ ಇಡ್ತಾರಲ್ಲ, ಆ ರುಚಿ ಬೇರೆ!" ಎಂದಿದ್ದರು.

ಇಂಥ ಮನೆಯಲ್ಲಿ ಕಳೆದ ವರ್ಷ, ಇದ್ದಕ್ಕಿದ್ದ ಹಾಗೆ, ಮಾವ ಘೋಷಿಸಿಬಿಟ್ಟರು: "ಇನ್ಮೇಲೆ ಹೋಟೆಲ್ ಬಂದ್!"

ನಾನು ಬೆಚ್ಚಿಬಿದ್ದೆ. ಮೈ ಹುಷಾರಿಲ್ಲವೇ ಎಂದು ಹಣೆ ಮುಟ್ಟಿ ನೋಡುವುದೊಂದು ಬಾಕಿ.

"ಹಗಲು ದರೋಡೆ ಕಣೇ ಅದು!" ಎಂದು ಶುರು ಮಾಡಿದರು. "ಒಂದು ದೋಸೇಲಿ ಏನಿದೆ? ಹಿಡಿ ಅಕ್ಕಿ, ಚಿಟಿಕೆ ಉದ್ದು, ಅರ್ಧ ಆಲೂಗಡ್ಡೆ. ಮಿಕ್ಕಿದ ದುಡ್ಡೆಲ್ಲ ಯಾತಕ್ಕೆ? ಏಸಿಗೆ, ಕನ್ನಡಿಗೆ, ಗಲ್ಲಾದ ಹಿಂದಿರೋ ಗಣಪತಿ ಫೋಟೋದ ಹೂವಿಗೆ! ಗಣಪತಿಗೆ ಹೂವು ನಾನ್ಯಾಕೆ ಕೊಡಿಸ್ಲಿ? ನಮ್ಮನೇಲೂ ಗಣಪತಿ ಇದ್ದಾನಲ್ಲ!"

ಅಷ್ಟಕ್ಕೇ ನಿಂತಿದ್ದರೆ ಸಹಿಸಿಕೊಳ್ಳಬಹುದಿತ್ತು. "ನೀನು ಎಣ್ಣೆ ಜಾಸ್ತಿ ಸುರೀತೀಯ" ಎಂದು ಅತ್ತೆಯನ್ನು ಅಡುಗೆಮನೆಯಿಂದಲೇ ಹೊರಗೆ ಹಾಕಿ, ತಾವೇ ಸೌಟು ಹಿಡಿದರು! ಜೀವಮಾನವಿಡೀ ನೀರು ಕಾಯಿಸಿಯೂ ಗೊತ್ತಿಲ್ಲದ ಮನುಷ್ಯ! ಅತ್ತೆ ಜಗಳವಾಡುತ್ತಾರೆ ಎಂದು ಕಾದೆ. ಅವರೋ ಹಾಲ್‌ನಲ್ಲಿ ಕುರ್ಚಿ ಹಾಕಿಕೊಂಡು, ಕೈಯೆರಡನ್ನೂ ಸೆರಗಿನೊಳಗೆ ಸುತ್ತಿಕೊಂಡು ಸುಮ್ಮನೆ ನಗುತ್ತ ಕುಳಿತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ಮರುವಾರ ಮಾವ ಪುರಸೈವಾಕ್ಕಂಗೆ ಹೋಗಿ ದೋಸೆ ಕಾವಲಿ ತಂದರು. ಕಾವಲಿಯೇ ಅದು? ನಾಲ್ಕು ಜನ ಕುಳಿತು ಇಸ್ಪೀಟು ಆಡಬಹುದಾದ ಕಬ್ಬಿಣದ ಹಲಗೆ! ಅದನ್ನು ಹೊತ್ತು ತಂದ ಆಟೋದವನು "ಎನ್ನ ಸಾರ್, ಪುದುಸಾ ಹೋಟೆಲ್ ತೊರಕ್ಕಿರೀಂಗಳಾ?" ಎಂದು ಕೇಳಿದನಂತೆ. ಹೊಸ ಹೋಟೆಲು ತೆರೆಯುತ್ತೀರಾ ಎಂದು ಒಬ್ಬ ಕೇಳಿದ ಖುಷಿಗೆ ಮಾವ ಅವನಿಗೆ ಮೀಟರಿಗಿಂತ ಹೆಚ್ಚೇ ಕೊಟ್ಟು ಕಳಿಸಿದರು. ಕಾವಲಿ ಮನೆಯ ಒಲೆಯ ಮೇಲೆ ಕೂರಲಿಲ್ಲ. ಅದಕ್ಕೊಂದು ದೊಡ್ಡ ಒಲೆ ಬಂತು. ಒಲೆಯ ಹೊಟ್ಟೆಗೆ ಗ್ಯಾಸು ಸಾಲದೆ ಇನ್ನೊಂದು ಸಿಲಿಂಡರು ಬಂತು. ಹಿಟ್ಟಿಗೆ ಹೊಸ ಗ್ರೈಂಡರು ಬಂತು.

"ಮಾವ, ಈ ದುಡ್ಡಲ್ಲಿ ಇಡೀ ಓಣಿಗೆ ವರ್ಷವಿಡೀ ಮಸಾಲೆ ದೋಸೆ ಕೊಡಿಸಬಹುದಿತ್ತು!" ಎಂದೆ.

"ಅದು ಬಂಡವಾಳ ಕಣೇ. ಬಂಡವಾಳಾನ ದೋಸೆ ಮೇಲೆ ಹಾಕಬಾರ್ದು" ಎಂದರು ಗಂಭೀರವಾಗಿ.

ಇನ್ನು ಅವರ ಮನೆಯ ಭಾನುವಾರದ ತಿಂಡಿ. ಅದಕ್ಕೆ ಹೋಗುವುದು ನಮಗೆಲ್ಲ ಕಡ್ಡಾಯ. ಪಕ್ಕದ ಬೀದಿಯಲ್ಲೇ ಇರುವ ತಪ್ಪಿಗೆ ನಾನೂ ನನ್ನ ಮಗಳೂ ಖಾಯಂ ಗಿರಾಕಿಗಳು. ದೋಸೆಯನ್ನು ಇಡಿಯಾಗಿ ಕೊಡುವ ಪದ್ಧತಿ ಅಲ್ಲಿಲ್ಲ. ಪಿಜ್ಜಾ ಕತ್ತರಿಸುವ ಚಕ್ರವನ್ನು ಅದರ ಮೇಲೆ ಕರಕರ ಓಡಿಸಿ, ತುಂಡು ತುಂಡು ಮಾಡಿಯೇ ತಟ್ಟೆಗೆ ಹಾಕುವುದು. ಯಾಕೆಂದರೆ ಇಡೀ ದೋಸೆ ಕೊಟ್ಟರೆ ಜನ ಅಂಚು ಬಿಡುತ್ತಾರಂತೆ! ಕಾಫಿಗೆ ಡಬರಾ ಇಲ್ಲ. ಚೆನ್ನೈಯಲ್ಲಿ ನೀರಿನ ಲಾರಿಗೆ ದುಡ್ಡು ತೆತ್ತು, ಆ ನೀರಲ್ಲಿ ಡಬರಾ ತೊಳೆಯುವುದು ದಂಡವಂತೆ! ಎಲ್ಲಕ್ಕಿಂತ ಮಿಗಿಲಾಗಿ, ಕಾಫಿ ಯಾರಿಗೇ ಆಗಲಿ, ಅರ್ಧ ಲೋಟ ಮಾತ್ರ.

"ತಾತಾ, ಏನ್ ಪಾದಿ ದಾನ್?" ಎಂದು ನನ್ನ ಮಗಳು ಕೇಳಿಯೇಬಿಟ್ಟಳು, ಅರ್ಧ ಮಾತ್ರ ಯಾಕೆ ಎಂದು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳೇ.

"ಪೂರ್ತಿ ತುಂಬಿಸಿಟ್ಟರೆ ಅರ್ಧ ಆರಿ ಹೋಗತ್ತೆ ಪುಟ್ಟಿ. ನಷ್ಟ! ಇದು ಖಾಲಿಯಾಗ್ಲಿ, ಇನ್ನರ್ಧ ಬಿಸಿಬಿಸಿ ಬರತ್ತೆ."

ಮಕ್ಕಳಿಗೆ ಹೀಗೆ ಹೇಳಿ ಸುಮ್ಮನಾಗಿಸಬಹುದು. ಮೈಸೂರಿನಿಂದ ಬಂದಿದ್ದ ನನ್ನ ಭಾವನವರಿಗೂ ಅರ್ಧ ಲೋಟ ಹಿಡಿದರಲ್ಲ! ಅವರು ಲೋಟದೊಳಕ್ಕೆ ಬಗ್ಗಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. "ನಿಮ್ಮ ಮಾವನವರಿಗೆ ಏನಾದರೂ ಕಷ್ಟವೇ?" ಎಂದು ಅವರು ದಾರಿಯಲ್ಲಿ ಮೆಲ್ಲಗೆ ಕೇಳಿದರು.

ನನ್ನ ಸಂಕಟ ಬೇರೆಯದಾಗಿತ್ತು. ಮಾವ ಜಿಪುಣರಾಗಲಿ, ನನಗೇನು? ಆದರೆ ಅತ್ತೆಯ ಆ ಒಂದು ಭಾನುವಾರವನ್ನು ಅವರು ಕಿತ್ತುಕೊಂಡಿದ್ದರಲ್ಲ! ಅದನ್ನು ಹೇಗಾದರೂ ವಾಪಸು ಕೊಡಿಸಲೇಬೇಕೆಂದು ಹಟ ತೊಟ್ಟೆ. ಅತ್ತೆಯ ಹುಟ್ಟುಹಬ್ಬದ ದಿನ ಬೆಳಿಗ್ಗೆಯೇ ಮಗಳೊಂದಿಗೆ ಹೋಗಿ ಬಾಗಿಲಲ್ಲಿ ನಿಂತೆ.

"ಹೊರಡಿ. ಇವತ್ತು ಹೋಟೆಲಿಗೆ. ಖರ್ಚು ನಂದು."

"ಇವತ್ತು ಜನ ಜಾಸ್ತಿ" ಎಂದರು ಮಾವ. "ಮೊಣಕಾಲು ನೋವು" ಎಂದರು. "ಹಿಟ್ಟು ಹುಳಿ ಬರತ್ತೆ" ಎಂದರು. ನಾನು ಕದಲಲಿಲ್ಲ. ಕೊನೆಗೆ ಅತ್ತೆಯೇ ಮೆಲ್ಲಗೆ ಬಾಯಿಬಿಟ್ಟರು: "ಹೋಗೋಣ ರೀ. ಒಂದೇ ಒಂದ್ಸಲ."

ಮಾವ ಅತ್ತೆಯ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ಚಪ್ಪಲಿ ಮೆಟ್ಟಿದರು.

ಹೋಟೆಲಿನಲ್ಲಿ ಹಳೆಯ ಸಪ್ಲೈಯರ್, ಕುಂದಾಪುರದ ಕಡೆಯವರು, ಓಡಿ ಬಂದರು. "ಎಷ್ಟ್ ದಿನ ಆಯ್ತ್ ಮಾರಾಯ್ರೆ, ಕಾಂಬುಕೇ ಇಲ್ಲ!" ಎಂದು ಅತ್ತೆಗೆ ಕೈ ಮುಗಿದರು. ದೋಸೆಗಳು ಬಂದವು. ಮಾವ ತಮ್ಮ ದೋಸೆಯನ್ನು ಪರಪರ ಹರಿದು ಚೂರು ಮಾಡಿದರು, ಆಮೇಲೆ "ನಿಂದು ಹೆಚ್ಚು ಕೆಂಪಗಿದೆ, ಇಲ್ಲಿ ಕೊಡು" ಎಂದು ಅತ್ತೆಯ ತಟ್ಟೆಯನ್ನು ಎಳೆದುಕೊಂಡು, ತಮ್ಮ ಚೂರುಗಳನ್ನು ಅವರ ಮುಂದೆ ತಳ್ಳಿದರು! ಹುಟ್ಟುಹಬ್ಬದ ದಿನ, ಹೆಂಡತಿಯ ಗರಿಗರಿ ದೋಸೆಗೆ ಕೈ ಹಾಕುವ ಗಂಡಸನ್ನು ನೀವು ಎಲ್ಲಾದರೂ ಕಂಡಿದ್ದೀರಾ?

"ಕಾಫಿ ಅರ್ಧರ್ಧ ಲೋಟ ತನ್ನಿ" ಎಂದರು ಮಾವ.

"ಇಡೀ ದುಡ್ಡು ಕೊಟ್ಟು ಅರ್ಧ ಯಾಕೆ ಸಾರ್!" ಎಂದು ನಕ್ಕ ಸಪ್ಲೈಯರ್, ನೊರೆ ಅಂಚು ಮೀರಿ ಉಕ್ಕುವ ಲೋಟಗಳನ್ನೇ ತಂದಿಟ್ಟರು. ಅತ್ತೆ ಸ್ವಲ್ಪ ಹೊತ್ತು ಆ ಕಾಫಿಯನ್ನು ಆಸೆಯಿಂದ ನೋಡಿದರು. ಸೆರಗಿನಿಂದ ಬಲಗೈ ತೆಗೆದು ಲೋಟ ಎತ್ತಿದರು.

ಎತ್ತಿದ ಕೈ ಗಡಗಡ ನಡುಗಿತು. ಕುಕ್ಕರಿನ ಮೇಲಿನ ತೂಕ ಕುಣಿದ ಹಾಗೆ ಲೋಟ ಡಬರಾಕ್ಕೆ ಬಡಿಯಿತು, ಕಾಫಿಯೆಲ್ಲ ಹೊಸ ಸೀರೆಯ ಮೇಲೆ ಚೆಲ್ಲಿತು, ಲೋಟ ಕೈ ಜಾರಿ ಠಣ್ ಎಂದು ನೆಲಕ್ಕೆ ಬಿದ್ದು ಉರುಳಿಕೊಂಡು ಹೋಯಿತು. ಇಡೀ ಹೋಟೆಲು ತಿರುಗಿ ನೋಡಿತು.

ಅದೇ ಕ್ಷಣ ಮಾವ ಮೇಜು ಗುದ್ದಿ ಎದ್ದು ನಿಂತರು. "ಎನ್ನಾಂಗ ಇದು? ಒರು ಕಾಪಿಕ್ಕು ಇವ್ಳೋ ರೇಟಾ? ಒಂದು ಕಾಫಿಗೆ ಇಷ್ಟಾ? ಹಗಲು ದರೋಡೆ!" ಎಂದು ಅರಚುತ್ತ ಗಲ್ಲಾದ ಕಡೆ ನಡೆದೇಬಿಟ್ಟರು.

"ರೇಟು ಬೋರ್ಡಿನಲ್ಲೇ ಇದೆಯಲ್ಲ ಸಾರ್" ಎಂದರು ಗಲ್ಲಾದವರು, ಕಕ್ಕಾಬಿಕ್ಕಿಯಾಗಿ.

"ಬೋರ್ಡಲ್ಲಿ ಬರೆದುಬಿಟ್ರೆ ನ್ಯಾಯ ಆಗೋಯ್ತಾ? ಗಣಪತಿ ಹೂವಿನ ದುಡ್ಡೂ ನಮ್ಮ ತಲೆ ಮೇಲೇನಾ?"

ಎಲ್ಲರ ಕಣ್ಣೂ ಮಾವನ ಮೇಲೆ. ಒಬ್ಬ ಹುಡುಗ ಫೋನೆತ್ತಿ ವಿಡಿಯೋ ಹಿಡಿಯತೊಡಗಿದ. "ಅಮ್ಮಾ, ಮಾನಮೇ ಪೋಚ್ಚು!" ಎಂದು ಮಗಳು ಮುಖ ಮುಚ್ಚಿಕೊಂಡಳು. ನನಗೂ ಮಾನ ಹೋಗಿತ್ತು. ಅಳುವೇ ಬಂದು ಅತ್ತೆಯ ಕಡೆ ತಿರುಗಿದೆ.

ಅತ್ತೆ ನಿಧಾನವಾಗಿ ಸೀರೆ ಒರೆಸಿಕೊಳ್ಳುತ್ತಿದ್ದರು. ಅವರ ಕಡೆ ಒಬ್ಬರೂ ನೋಡುತ್ತಿರಲಿಲ್ಲ.

"ಕೈಗೆ ಏನಾಯ್ತು ಅತ್ತೆ?"

"ಹೋದ ವರ್ಷದಿಂದ ಹೀಗೇ ಕಣೇ. ನರದ್ದಂತೆ, ಪೂರ್ತಿ ಹೋಗಲ್ಲ ಅಂದ್ರು ಡಾಕ್ಟ್ರು" ಎಂದರು. ಗಲ್ಲಾದ ಕಡೆ ನೋಡಿ ನಕ್ಕರು. "ಮೊನ್ನೆ ಒಂದು ಮದುವೆಮನೇಲೂ ಹೀಗೇ ಆಯ್ತು. ಆಗ್ಲೂ ನಿಮ್ಮಾವ ಹೂಗುಚ್ಛ ದುಬಾರಿ ಅಂತ ಕೂಗಾಡಿದ್ರು. ಯಾರಾದ್ರೂ ನನ್ನ ತಿರುಗಿ ನೋಡಿದ್ರೆ ಇವ್ರಿಗೆ ರೇಟು ಜ್ಞಾಪಕ ಬರತ್ತೆ. ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ದಾರೆ. ನೀನೂ ಹೇಳೋಕೆ ಹೋಗಬೇಡ."

ಆ ಪಿಜ್ಜಾ ಚಕ್ರ, ಇಲ್ಲದ ಡಬರಾ, ನಮ್ಮ ಭಾವನವರಿಗೂ ಕೊಟ್ಟ ಅರ್ಧ ಲೋಟ! ಅತ್ತೆಯೊಬ್ಬರಿಗೇ ಅರ್ಧ ಕೊಟ್ಟರೆ ಅವರಿಗೆ ನೋವಾದೀತೆಂದು ಈ ಮನುಷ್ಯ ಬಂಧುಬಳಗಕ್ಕೆಲ್ಲ ಅರ್ಧವೇ ಕೊಟ್ಟು, ಊರೆಲ್ಲ ಜಿಪುಣನೆನ್ನಿಸಿಕೊಂಡು, ಹಾಯಾಗಿ ಓಡಾಡಿಕೊಂಡಿದ್ದರು. ನನ್ನ ಕಣ್ಣು ತುಂಬಿಬಂತು.

ಮಾವ ಗೆದ್ದವರಂತೆ ಬಂದು ಕುಳಿತರು. "ನೋಡಿದ್ಯಾ? ಇದಕ್ಕೇ ಹೋಟೆಲ್ ಬೇಡ ಅನ್ನೋದು ನಾನು."

ನಾನು ಸಪ್ಲೈಯರನ್ನು ಕರೆದೆ. "ಇನ್ನೊಂದ್ಸಲ ಕಾಫಿ. ಎಲ್ಲರಿಗೂ ಅರ್ಧರ್ಧ ಲೋಟ. ಡಬರಾ ಬೇಡ. ಬಿಲ್ಲು ಪೂರ್ತಿ ಹಾಕಿ."

"ನಿನಗೆ ಬುದ್ಧಿ ನೆಟ್ಟಗಿದ್ಯೇನೇ?" ಎಂದು ಈ ಸಲ ಬೆಚ್ಚಿಬಿದ್ದದ್ದು ಮಾವ. "ಇಡೀ ದುಡ್ಡಿಗೆ ಅರ್ಧ ಕಾಫಿನಾ?"

"ಪೂರ್ತಿ ತುಂಬಿಸಿಟ್ಟರೆ ಅರ್ಧ ಆರಿ ಹೋಗತ್ತೆ ಮಾವ. ನಷ್ಟ!"

ಮಾವ ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು, ಆಮೇಲೆ ಮೇಜಿನ ಮೇಲಿದ್ದ ಸಕ್ಕರೆ ಡಬ್ಬಿಯನ್ನು ನೋಡುತ್ತ ಕುಳಿತರು.

ಕಾಫಿ ಬಂತು. ಅತ್ತೆ ಎರಡೂ ಕೈಯಲ್ಲಿ ಲೋಟ ಹಿಡಿದು, ಒಂದು ಹನಿಯೂ ಚೆಲ್ಲದೆ, ತಳದವರೆಗೆ ಕುಡಿದರು.

"ಹೇಗಿದೆ?" ಎಂದರು ಮಾವ, ತಲೆಯೆತ್ತದೆ. "ಮನೇದಕ್ಕಿಂತ ಚೆನ್ನಾಗಿರ್ಬೇಕಲ್ಲ, ಯಾರೋ ಮಾಡಿ ತಂದಿಟ್ಟದ್ದು."

"ಮನೇಲೂ ಈಗ ಹಾಗೇ ಅಲ್ವೇನ್ರೀ" ಎಂದರು ಅತ್ತೆ.