ಜೈನಾಪುರದ ಬೂದಿ ಬಯಲು

ಎರೆಮಣ್ಣಿನ ಜತೆ ನೌಕರಿ ಮಾಡಿದವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಬೇಸಿಗೆಯಲ್ಲಿ ಬಾಯಿ ಬಿಡುವ, ಮಳೆಗಾಲದಲ್ಲಿ ಕಾಲು ಹಿಡಿಯುವ ಮಣ್ಣು ಅದು. ಎಪ್ಪತ್ತರ ದಶಕದಲ್ಲಿ ನಾನು ವಿಜಾಪುರದಲ್ಲಿ ರಸ್ತೆ ಓವರ್ಸಿಯರ್ ಆಗಿದ್ದೆ. ಬಬಲೇಶ್ವರದ ಹತ್ತಿರದ ಜೈನಾಪುರಕ್ಕೆ ಬಸ್ಸು ಬರುತ್ತಿರಲಿಲ್ಲ. ತಿರುಗಿಸುವ ಜಾಗದಲ್ಲಿ ಗಾಲಿ ಹೂತುಹೋಗುತ್ತಿತ್ತು. ಆ ದುಂಡನೆಯ ಬಯಲಿನ ಮಣ್ಣಿಗೆ ರೈಲು ಎಂಜಿನ್ನಿನ ಬೂದಿ, ಸುಣ್ಣ ಬೆರೆಸಿ ಗಟ್ಟಿ ಮಾಡುತ್ತೇನೆಂದು ಮೇಲಿನ ಸಾಹೇಬರಿಗೆ ಬರೆದೆ. "ಮಾಡು. ಕೆಟ್ಟರೆ ಬಸ್ಸಿನ ಮಾತು ಅಲ್ಲಿಗೇ ಮುಗೀತು" ಎಂದರು. ಊರವರಿಗೆ ನಾನಾಗಲೇ ಮಾತು ಕೊಟ್ಟುಬಿಟ್ಟಿದ್ದೆ.

ಬೂದಿಯ ಒಡತಿ

ಇಬ್ರಾಹಿಂಪುರದಲ್ಲಿ ಹಳಿಯ ಪಕ್ಕ ಎಂಜಿನ್ ಬೂದಿ ಗುಡ್ಡವಾಗಿ ಬಿದ್ದಿತ್ತು. ಪೀಡೆ ತೊಲಗಿತೆಂದು ರೈಲ್ವೆಯವರು ಖುಷಿಯಿಂದ ಒಪ್ಪಿದರು. ಲಾರಿ ತುಂಬಿಸತೊಡಗಿದಾಗ ಓಣಿಯ ಮುದುಕಿಯೊಬ್ಬಳು ಬುಟ್ಟಿ ಹಿಡಿದು ಅಡ್ಡ ನಿಂತಳು.

"ಇಡೀ ಓಣಿ ಭಾಂಡೆ ತಿಕ್ಕೂದು ಇದರಾಗ. ಎಲ್ಲಿಗೆ ಒಯ್ಯಾಕತ್ತೀರಿ?"

"ರಸ್ತಾಕ್ಕ ಬೇ."

"ರಸ್ತಾಕ್ಕ ಆದ್ರ ಮ್ಯಾಲಿನ ಹಳಕು ಯಾಕ ತುಂಬತಿ ಯಪ್ಪಾ? ನುಣ್ಣಂದು ತಳದಾಗೈತಿ. ಹಿಡಿಯೂದು ಅದs."

ಖರೆಯೇ. ಮಣ್ಣನ್ನು ಹಿಡಿಯುವುದು ಮೇಲಿನ ಹರಳಲ್ಲ, ನುಣುಪು ಬೂದಿಯೇ. ನಾನು ಮೂರು ಪುಟ ಓದಿ ತಿಳಿದದ್ದನ್ನು ಆಕೆ ತಾಟು ತಿಕ್ಕಿ ತಿಕ್ಕಿ ತಿಳಿದಿದ್ದಳು. ಕೈ ಮುಗಿದು, ಮೊದಲು ಆಕೆಯ ಬುಟ್ಟಿ ತುಂಬಿಸಿದೆ. ಲಾರಿ ಹೊರಟಾಗ ಹಿಂದಿನಿಂದ ಕೂಗಿದಳು: "ರಸ್ತಾ ಥಳಥಳ ಹೊಳದ್ರ ನನ್ನ ಹೆಸರ ಹೇಳು!"

ಚಾಚಾನ ಉಂಡೆ

ಸುಣ್ಣದ ಕೆಲಸಕ್ಕೆ ತಿಕೋಟಾದಿಂದ ಗೋಡೆ ಕಟ್ಟುವ ಒಬ್ಬ ಹಿರಿಯ ಗೌಂಡಿಯನ್ನು ಕರೆತಂದೆ. ಎಲ್ಲರೂ ಅವನನ್ನು ಚಾಚಾ ಎನ್ನುತ್ತಿದ್ದರು. ಇಷ್ಟು ಮಣ್ಣು, ಇಷ್ಟು ಬೂದಿ, ಇಷ್ಟು ಸುಣ್ಣ ಎಂದು ನಾನು ಪುಸ್ತಕ ನೋಡಿ ಉಂಡೆ ಕಟ್ಟಿದೆ. ಚಾಚಾ ಒಂದು ಹಿಡಿ ಸುಣ್ಣ ಹೆಚ್ಚು ಹಾಕಿ ತನ್ನದೊಂದು ಕಟ್ಟಿದ. ಏಳು ದಿನ ಹಸಿ ಗೋಣಿಚೀಲದಲ್ಲಿಟ್ಟು, ಎಂಟನೆಯ ದಿನ ಎರಡನ್ನೂ ನೀರಿಗೆ ಬಿಟ್ಟೆವು. ಸಂಜೆಗೆ ನನ್ನದು ಅಂಬಲಿ, ಅವನದು ಕಲ್ಲು!

"ಪುಸ್ತಕ ಸುಳ್ಳೇನ ಚಾಚಾ?" ಎಂದೆ, ಪೆಚ್ಚಾಗಿ.

"ಪುಸ್ತಕಾ ಖರೇನ ಐತ್ರಿ ಸಾಹೇಬ್ರ. ಬರದವರು ನಮ್ಮ ಎರಿ ತುಳದಿಲ್ಲ, ಅಷ್ಟs."

ತಕರಾರು

ಚಾಚಾನ ಅಳತೆಯಂತೆಯೇ ಬೇಸಿಗೆಯಲ್ಲಿ ಬಯಲು ಸಿದ್ಧವಾಯಿತು. ಮುಂಗಾರು, ಹಿಂಗಾರು ಎರಡೂ ಮಳೆ ಸುರಿದು ಹೋದವು, ಒಂದು ಬಿರುಕಿಲ್ಲ. ಆದರೂ ಸಾಹೇಬರು ಬಂದು ಪರೀಕ್ಷೆ ಮಾಡದೆ ಬಸ್ಸು ಬಿಡುವಂತಿರಲಿಲ್ಲ. ಅವರಿಗೆ ಪುರುಸೊತ್ತಾದದ್ದು ಜೋಳದ ಸುಗ್ಗಿಗೆ.

ಜೀಪು ಜೈನಾಪುರ ಮುಟ್ಟಿದಾಗ ನೋಡುತ್ತೇನೆ, ಬಯಲ ತುಂಬ ಜೋಳದ ತೆನೆ! ದುಂಡಗೆ, ಗಟ್ಟಿಯಾಗಿ, ಖಾಲಿ ಬಿದ್ದ ಜಾಗ ನೋಡಿ ಊರವರು ರಾಶಿಯ ಕಣ ಮಾಡಿಕೊಂಡಿದ್ದರು. ಎತ್ತುಗಳನ್ನು ಕಟ್ಟಿ ತೆನೆ ತುಳಿಸಲು ನಡುವೆ ಮೇಟಿ ಕಂಬ ಬೇಕಲ್ಲ, ಅದನ್ನು ನೆಡಲು ಮೂವರು ಹಾರೆ ಹಿಡಿದು ಬೆವರುತ್ತಿದ್ದರು. ನನ್ನ ಬಯಲನ್ನೇ ಅಗೆಯುತ್ತಿದ್ದಾರೆ! ಮುಗೀತು ಬಸ್ಸು ಎಂದುಕೊಂಡೆ.

ಸಾಹೇಬರು ಕೆಂಡವಾಗಿ ಇಳಿದರು. ಬಾಯಿ ತೆರೆಯುವ ಮೊದಲೇ ಹಿರಿಯ ರೈತನೊಬ್ಬ ಎದುರು ಬಂದ.

"ಕಾಲ್ಮರಿ ಬಿಡ್ರಿ ಸಾಹೇಬ್ರ. ಕಣ ಐತಿ."

ಸಾಹೇಬರು ತೆಪ್ಪಗೆ ಬೂಟು ಕಳಚಿದರು.

"ಈಗ ನನ್ನ ತಕರಾರು ಬರಕೋರಿ. ಈ ಓವರ್ಸಿಯರ್ ಸಾಹೇಬ್ರು ನಮ್ಮ ನೆಲಾ ಕೆಡಿಸ್ಯಾರ. ಮುಂಜಾನಿಂದ ಕುಟ್ಟಾಕತ್ತೇವಿ, ಹಾರಿ ನಾಕು ಬೆರಳ ಸೈತ ಇಳೀವಲ್ದು. ಮೇಟಿ ಎಲ್ಲಿ ನಡೂನು?"

ಸಾಹೇಬರು ಹಾರೆ ಇಸಿದುಕೊಂಡು ತಾವೇ ನಾಲ್ಕು ಏಟು ಹಾಕಿದರು. ಹಾರೆ ಪುಟಿಯಿತು, ಅಂಗೈ ಕೆಂಪಾಯಿತು. ಜೀಪಿನಲ್ಲಿದ್ದ ಪರೀಕ್ಷೆಯ ಸಾಮಾನು ಇಳಿಸಲೇ ಇಲ್ಲ. ರಾಶಿ ಮುಗಿದ ಮರುದಿನದಿಂದ ಬಸ್ಸು ಬಿಡಬಹುದೆಂದು ಅಲ್ಲೇ ಬರೆದು ಸಹಿ ಹಾಕಿದರು. ನನ್ನ ಕಣ್ಣು ಒದ್ದೆಯಾದದ್ದು ಸುಳ್ಳಲ್ಲ.

"ಬಸ್ಸಿಂದಾತು. ನನ್ನ ಮೇಟಿ?" ಎಂದ ರೈತ.

ಅವನು ಅತ್ತಿತ್ತ ನೋಡಿ, ಜೀಪನ್ನು ಕಣದ ನಡುವೆ ತರಿಸಿದ. ಕುಂಕುಮ ಹಚ್ಚಿ, ಕಾಯಿ ಒಡೆದು, ಎತ್ತಿನ ಹಗ್ಗವನ್ನು ಅದಕ್ಕೇ ಕಟ್ಟಿದ. ಎತ್ತುಗಳು ಜೀಪು ಸುತ್ತತೊಡಗಿದವು. ಸಾಹೇಬರೂ ನಕ್ಕು ಎರಡು ಸುತ್ತು ಎತ್ತು ಹೊಡೆದರು. ಆಮೇಲೆ ಗಡಿಯಾರ ನೋಡಿ, "ಇನ್ನು ಹೊರಡೋಣವೇ?" ಎಂದರು.

ರೈತ ಗಾಬರಿಯಾಗಿ ಕೈ ಅಡ್ಡ ಹಿಡಿದ.

"ಪೂಜಿ ಮಾಡಿದ ಮೇಟಿ ನಡುವ ಕೀಳಬಾರದ್ರಿ ಸಾಹೇಬ್ರ. ಮೂರು ದಿನದ ರಾಶಿ ಐತಿ, ಮುಗಿಸ್ಕೊಂಡ ಹೋಗೀರಂತ!"