ಕುಸಿದ ನೆಲ, ಸಡಿಲವಾದ ಬಳೆ

ಯಾವುದರಲ್ಲಿ ಜಾಣರೆಂದು ಹೆಸರು ಪಡೆಯುತ್ತೇವೋ ಅದರಲ್ಲೇ ಮೋಸಹೋಗುತ್ತೇವೆ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ನನಗೆ ಸಂಬಳ ಬರುವುದು ನೆಲ ಕುಸಿಯುವುದನ್ನು ಗಮನಿಸುವುದಕ್ಕೆ. ಹೀಗೆಂದರೆ ಮುಂಬೈ ಕಾಂದಿವಲಿಯ ನಮ್ಮ ಬಿಲ್ಡಿಂಗಿನವರು ಮೆಲ್ಲಗೆ ಗೋಡೆ ಮುಟ್ಟಿ ನೋಡುತ್ತಾರೆ. ಕುಸಿಯುವುದು ಅವರ ನೆಲವಲ್ಲ. ಭೂಮಿಯಿಂದ ಎಣ್ಣೆ ತೆಗೆಯುವ ಕಡೆ ಒಳಗೆ ಬರಿದಾಗುತ್ತ ಹೋದಂತೆ ಮೇಲಿನ ನೆಲ ಕಣ್ಣಿಗೆ ಕಾಣದಷ್ಟು ಕೆಳಗಿಳಿಯುತ್ತದೆ. ಅದನ್ನು ಉಪಗ್ರಹದ ರೇಡಾರ್ ಆಕಾಶದಿಂದ ಹಿಡಿಯುತ್ತದೆ. ಒಂದೇ ಚಿತ್ರದಲ್ಲಿ ಏನೂ ಗೊತ್ತಾಗದು. ಕೆಲವು ತಿಂಗಳ ಹಿಂದಿನದನ್ನು ಇಂದಿನದರ ಜೊತೆ ಹೊಂದಿಸಬೇಕು. ಆಗ ಕುಸಿದ ಜಾಗದ ಸುತ್ತ ಬಣ್ಣದ ಉಂಗುರಗಳು ಏಳುತ್ತವೆ. ನಮ್ಮ ಆಫೀಸಿಗೆ ಹೊಸ ವಿದ್ಯೆ, ಒಂದೆರಡು ವರ್ಷದ ಹಿಂದೆ ಬಂದದ್ದು. ಕಲಿತ ಉತ್ಸಾಹದಲ್ಲಿ ಒಂದು ಚಿತ್ರವನ್ನು ಮನೆಗೂ ತಂದಿದ್ದೆ.

ನನ್ನ ಹೆಂಡತಿ ಶಾರದೆ ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು. "ಮಲಾಡ್ ಸ್ಟೇಷನ್ ಹೊರಗೆ ರಿಕ್ಷಾ ಎಣ್ಣೆ ಸೋರಿದ್ರೆ, ಮಳೆನೀರಿನ ಮೇಲೆ ಹೀಗೇ ಬಣ್ಣ ಬರುತ್ತಲ್ರೀ," ಎಂದಳು. ಆಮೇಲೆ, "ನಿಮ್ಮ ಉಪಗ್ರಹಕ್ಕೆ ನಮ್ಮ ಅಡುಗೆಮನೆ ಕಂಡ್ರೆ, ಹಾಲು ಉಕ್ಕೋವಾಗ ಒಂದು ಮಾತು ಹೇಳೋಕೆ ಹೇಳಿ."

ಆ ವರ್ಷ ಅವಳು ತೆಳ್ಳಗಾಗುತ್ತಿದ್ದಳು. ನಾನು ಮೆಚ್ಚಿಕೊಂಡೆ. "ಇನ್ನು ಲೋಕಲ್ ರೈಲಿನಲ್ಲಿ ನಿನಗೆ ಮೂವರ ಬೆಂಚಿನ ತುದಿಯ ನಾಲ್ಕನೇ ಸೀಟೇ ಸಾಕು," ಎಂದೆ. ಅವಳೂ ನಕ್ಕಳು. ಗೌರಿಹಬ್ಬಕ್ಕೆ ಬಳೆ ತೊಡಿಸಲು ಗಂಗವ್ವ ಬಂದಳು. ಬೆಳಗಾವಿ ಕಡೆಯವಳು, ಹಬ್ಬಕ್ಕೊಮ್ಮೆ ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತುವವಳು. ಶಾರದೆಯ ಕೈ ಹಿಡಿದವಳು ಬಿಡಲೇ ಇಲ್ಲ.

"ವೈನಿ, ಹ್ವಾದ ವರ್ಷ ನಿಮಗ ಎರಡು-ಎಂಟರ ಅಳತಿ ಹಾಕಿದ್ನಿ. ಯುಗಾದಿಗೆ ಎರಡು-ಆರು. ಈಗ ಎರಡು-ನಾಕು ಸಲೀಸ ಒಳಗ ಹೊಂಟೈತಿ." ನನ್ನ ಕಡೆ ತಿರುಗಿದಳು. "ಸಾಹೇಬ್ರ, ದಿನಾ ನೋಡಾವ್ರು ನೀವು. ಡಾಕ್ಟರ್‌ಗೆ ತೋರ್ಸೀರಿಲ್ಲೋ?"

ದಿನಾ ನೋಡುತ್ತಿದ್ದೆ, ಅದೇ ತೊಂದರೆಯಾದದ್ದು. ಹಿಂದಿನದರ ಜೊತೆ ಹೊಂದಿಸಿ ನೋಡಿದವಳು ಗಂಗವ್ವ. ಹಬ್ಬ ಮುಗಿದದ್ದೇ ಡಾಕ್ಟರ ಹತ್ತಿರ ಹೋದೆವು. ಎಷ್ಟು ತಿಂಗಳಿಂದ ಇಳಿಯುತ್ತಿದ್ದಾರೆ ಎಂದು ಅವರು ಕೇಳಿದ್ದು ನನ್ನನ್ನು. ನಾನು ಶಾರದೆಯ ಮುಖ ನೋಡಿದೆ. ಉತ್ತರ ಅವಳೇ ಕೊಟ್ಟಳು: ಯುಗಾದಿಗೂ ಮುಂಚಿನಿಂದ. ಹೊರಗೆ ಬಂದಮೇಲೆ, "ನಿಮಗೆ ಆಫೀಸಲ್ಲಿ ಕೆಲಸ ಜಾಸ್ತಿ ಇತ್ತಲ್ಲ, ಅದಕ್ಕೇ ಹೇಳಲಿಲ್ಲ," ಎಂದಳು, ತಪ್ಪು ತನ್ನದೇ ಎಂಬಂತೆ.

ಸಂಕ್ರಾಂತಿಗೆ ಅವಳಿರಲಿಲ್ಲ.

ಸಡಿಲವಾದ ಬಳೆಗಳನ್ನು ಅವಳು ಒಡೆಯದೆ ಡಬ್ಬಿಯಲ್ಲಿ ತೆಗೆದಿಟ್ಟಿದ್ದಳು. ಮೊನ್ನೆ ಅಳತೆಗೊಂದರಂತೆ ಮೂರು ತೆಗೆದು, ಮೇಜಿನ ಮೇಲೆ ಒಂದರೊಳಗೊಂದು ಇಟ್ಟೆ. ಆಫೀಸಿನ ಚಿತ್ರದಲ್ಲಿ ಏಳುವ ಉಂಗುರಗಳೂ ಥೇಟ್ ಹೀಗೇ ಇರುತ್ತವೆ. ನಡುವೆ ಇರುವುದು ಕುಸಿದ ಜಾಗ. ಹೊಸದಾಗಿ ಸೇರಿದವರಿಗೆ ಆ ಚಿತ್ರಗಳನ್ನು ಓದಲು ಕಲಿಸುವ ಕೆಲಸವನ್ನು ಈಗ ನನಗೇ ಒಪ್ಪಿಸಿದ್ದಾರೆ. ನನ್ನ ಕಣ್ಣು ಬಹಳ ಸೂಕ್ಷ್ಮವಂತೆ.